ಬ್ರೌನ್ ಬೆಲ್ಟ್ ಬಿಚ್ಚಿಟ್ಟು ಬಿಳಿ ಕಟ್ಟಿಕೊಂಡು ಬರಲಿ ಅಂದರು. ಯಾರ ಮಾತು ನಂಬಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದು ಎರಡು ತಿಂಗಳಾಯಿತು. ಮಗಳಿಗೆ ಒಂಬತ್ತು ವರ್ಷ. ಅಲ್ಲಿ ಮನೆ ಹತ್ತಿರದ ಕರಾಟೆ ಕ್ಲಾಸಿಗೆ ಒಂದು ವರ್ಷ ಎಂಟು ತಿಂಗಳು ಹೋಗಿದ್ದಳು. ಊರು ಬಿಡುವಷ್ಟರಲ್ಲಿ ಕಪ್ಪಿಗೆ ಮುಂಚಿನ ಬ್ರೌನ್ ಬೆಲ್ಟ್ ಬಂದಿತ್ತು. ಮೂರು ತಿಂಗಳಿಗೊಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಹೊಸ ಬಣ್ಣ. ಅವಳ ಬ್ಯಾಚಿನಲ್ಲಿ ಒಬ್ಬರೂ ಫೇಲ್ ಆಗಿದ್ದು ನನಗೆ ನೆನಪಿಲ್ಲ.

ಇಲ್ಲಿ ಹೊಸ ಕ್ಲಾಸಿಗೆ ಕರೆದುಕೊಂಡು ಹೋದೆ. ಮಾಸ್ಟರ್ ಅವಳ ಹತ್ತಿರ ಹೇಯಾನ್ ಶೋದಾನ್ ಕಟಾ ಮಾಡಿಸಿದರು. ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಸರಸರ ಅಂತ ಮುಗಿಸಿದಳು. ಆಮೇಲೆ ಅದೇ ಕಟಾವನ್ನು ಗೋಡೆ ಕಡೆ ಮುಖ ಮಾಡಿ ನಿಂತು ಮಾಡು ಅಂದರು. ನಾಲ್ಕನೇ ಹೆಜ್ಜೆಗೇ ದಾರಿ ತಪ್ಪಿ ಸುತ್ತ ನೋಡಲು ಶುರು ಮಾಡಿದಳು. ಪಕ್ಕದಲ್ಲಿ ನೋಡಿ ಮಾಡೋಕೆ ಯಾರೂ ಇರಲಿಲ್ಲವಲ್ಲ. ಮೊದಲನೇ ಬ್ಲಾಕ್ ತೋರಿಸಿ, ಇದು ಯಾತಕ್ಕೆ ಅಂತ ಕೇಳಿದರು. ಸುಮ್ಮನೆ ನಿಂತಳು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, ಆ ಬೆಲ್ಟ್ ಮನೆಯಲ್ಲಿರಲಿ, ಬಿಳಿ ಕಟ್ಟಿಕೊಂಡು ಬರಲಿ, ಆರು ತಿಂಗಳು ನೋಡೋಣ ಅಂದರು. ಮಗಳು ಆಟೋದಲ್ಲಿ ಮನೆವರೆಗೂ ಅತ್ತಳು.

ನನಗೆ ಕರಾಟೆ ಗೊತ್ತಿಲ್ಲ. ಹಳೇ ಕ್ಲಾಸಲ್ಲಿ ಏನೂ ಕಲಿಸಲಿಲ್ಲವಾ? ಅಥವಾ ಇವರೇ ಮತ್ತೆ ಮೊದಲಿಂದ ಫೀಸು ಕಟ್ಟಿಸಿಕೊಳ್ಳೋಕೆ ಹೀಗೆ ಹೇಳ್ತಿದ್ದಾರಾ? ಹೊರಗಿನವರಿಗೆ ಒಂದು ಕ್ಲಾಸ್ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ತಿಳಿದವರು ಹೇಳಿ.

ಮೂರನೇಮಹಡಿ:
ವ್ಯಾಪಾರ ರೀ. ಬಿಳಿಯಿಂದ ಶುರು ಮಾಡಿಸಿದರೆ ಆರು ಪರೀಕ್ಷೆಯ ಫೀಸು ಮತ್ತೆ ಸಿಗುತ್ತೆ. ಬೇರೆ ಕಡೆ ನೋಡಿ.

ಹಳೇಶೋಟೊಕಾನ್:
@ಮೂರನೇಮಹಡಿ ಒಪ್ಪಲ್ಲ. ಎಲ್ಲಕ್ಕಿಂತ ದೊಡ್ಡ ಫೀಸು ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯದ್ದು. ದುಡ್ಡೇ ಬೇಕಿದ್ದರೆ ಬನ್ನಿ ಬನ್ನಿ ಅಂತ ಸೇರಿಸಿಕೊಂಡು ಒಂದೇ ವರ್ಷದಲ್ಲಿ ಕಪ್ಪು ಕಟ್ಟಿಸುತ್ತಿದ್ದರು. ಅಳುವ ಮಗುವನ್ನು ವಾಪಸ್ ಕಳಿಸುತ್ತಿರಲಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಶೋಟೊಕಾನ್ ಶೈಲಿಯ ಕರಾಟೆ ಮಾಡುತ್ತಿದ್ದೇನೆ. ಗೋಡೆ ಕಡೆ ತಿರುಗಿಸಿ ಕಟಾ ಮಾಡಿಸೋದು ಹಳೇ ಉಪಾಯ. ಹೇಯಾನ್ ಶೋದಾನ್‌ನಲ್ಲಿ ಇರೋದು 21 ಚಲನೆ. ಮೈಗೆ ಹತ್ತಿದ್ದರೆ ಯಾವ ದಿಕ್ಕಿಗೆ ನಿಲ್ಲಿಸಿದರೂ ಬರುತ್ತೆ. ಮುಂದಿನ ಸಾಲಿನವರನ್ನು ನೋಡಿ ಕಲಿತಿದ್ದರೆ ದಿಕ್ಕು ಬದಲಾದ ಕೂಡಲೇ ಬಿಟ್ಟು ಹೋಗುತ್ತೆ. ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎದುರಿಗೆ ಒಬ್ಬ ಸೀನಿಯರ್ ಹುಡುಗನನ್ನು ನಿಲ್ಲಿಸಿ, ಇಚ್ ನಿ ಸಾನ್ ಅಂತ ಎಣಿಸಿಕೊಂಡು ಹೋದರೆ ಹೀಗೇ ಆಗೋದು. ಮಗು ಎರಡು ವರ್ಷ ಬೆವರು ಸುರಿಸಿರುತ್ತೆ, ಆದರೆ ಒಬ್ಬರೂ ಅದನ್ನು ಸರಿಯಾಗಿ ನೋಡಿರುವುದಿಲ್ಲ.

ನಮ್ಮ ಕಡೆ ಬ್ರೌನ್‌ಗೆ ಬರುವಷ್ಟರಲ್ಲಿ ಐದೂ ಹೇಯಾನ್ ಕಟಾ ಮತ್ತು ಟೆಕ್ಕಿ ಶೋದಾನ್ ಕಟಾ ಬರಬೇಕು. ಅವಳಿಗೆ ಎಷ್ಟು ಬರುತ್ತೆ ಅಂತ ಕೇಳಿ ನೋಡಿ.

ತುಂಗಾತೀರ:
ಕೇಳಿದೆ. ಎರಡು ಪೂರ್ತಿ ಬರುತ್ತಂತೆ. ಮೂರನೆಯದು ಅರ್ಧ. ಟೆಕ್ಕಿ ಅನ್ನೋ ಹೆಸರೇ ಕೇಳಿಲ್ಲ ಅಂದಳು.

ಎರಡುಶೈಲಿ:
ಸ್ವಲ್ಪ ತಡೀರಿ. ಹಳೇ ಕ್ಲಾಸ್ ಯಾವ ಶೈಲಿ ಅಂತ ಯಾರೂ ಕೇಳಲೇ ಇಲ್ಲ. ಕರಾಟೆ ಅಂದರೆ ಒಂದೇ ಅಲ್ಲ. ಶೋಟೊಕಾನ್, ಗೋಜುರ್ಯು, ಶಿತೋರ್ಯು, ವಾಡೋರ್ಯು ಎಲ್ಲಕ್ಕೂ ಬೇರೆ ಬೇರೆ ಪಾಠ ಇದೆ. ಹೇಯಾನ್ ಕಟಾಗಳ ಮೂಲ ಹೆಸರು ಪಿನಾನ್. ಒಕಿನಾವಾದ ಇತೋಸು ಅಂಕೋ ಅವರು ಅಲ್ಲಿನ ಶಾಲೆ ಮಕ್ಕಳಿಗೆ ಅಂತಲೇ ಕೂಡಿಸಿದ್ದು. ಶೋಟೊಕಾನ್ ಕಟ್ಟಿದ ಫುನಾಕೋಶಿ ಇವುಗಳ ಹೆಸರು ಬದಲಿಸಿದಾಗ ಮೊದಲನೆಯದನ್ನೂ ಎರಡನೆಯದನ್ನೂ ಅದಲು ಬದಲು ಮಾಡಿದರು. ಹಾಗಾಗಿ ಶಿತೋರ್ಯುವಿನ ಪಿನಾನ್ ನಿದಾನ್ ಅಂದರೆ ಶೋಟೊಕಾನ್‌ನ ಹೇಯಾನ್ ಶೋದಾನ್. ಗೋಜುರ್ಯುವಿನಲ್ಲಿ ಪಾಠ ಶುರುವಾಗೋದು ಗೆಕಿಸಾಯ್‌ನಿಂದ, ಇವೆಲ್ಲ ಅಲ್ಲಿ ಮೂಲದಲ್ಲಿ ಇಲ್ಲ. ಶೈಲಿ ಬದಲಾದರೆ ಒಳ್ಳೆ ಕ್ಲಾಸಿನಿಂದ ಬಂದ ಮಗುವೂ ಮೊದಲ ದಿನ ದಡ್ಡನ ತರಹ ಕಾಣುತ್ತೆ. ಹಳೇ ಮಾಸ್ಟರನ್ನು ಬೈಯುವ ಮುಂಚೆ ಇದನ್ನು ನೋಡಿ.

ತುಂಗಾತೀರ:
ಸರ್ಟಿಫಿಕೇಟ್‌ನಲ್ಲಿ ಶೋಟೊಕಾನ್ ಅಂತಲೇ ಇದೆ. ಎರಡೂ ಕಡೆ ಒಂದೇ.

ಎರಡುಶೈಲಿ:
ಹಾಗಾದರೆ ಸರಿ. ನನ್ನ ಮಾತು ಇಲ್ಲಿಗೆ ಹೊಂದಲ್ಲ. ಬೇರೆಯವರಿಗೆ ಉಪಯೋಗಕ್ಕೆ ಬರಲಿ.

ರೋಲಿಂಗ್‌ರಾಜ:
ಕಟಾ ಎಷ್ಟು ಬರುತ್ತೆ ಅನ್ನೋದೇ ತಪ್ಪು ಪ್ರಶ್ನೆ. ಎದುರಿಗಿರುವವನು ಬಿಡಲ್ಲ ಅಂತ ಹಿಡಿದುಕೊಂಡಾಗ ನಿನ್ನ ವಿದ್ಯೆ ನಡೆಯುತ್ತಾ? ಅಷ್ಟೇ ಪ್ರಶ್ನೆ. ನಾನು ಆರು ವರ್ಷ ಕರಾಟೆ ಮಾಡಿ ಬ್ಲ್ಯಾಕ್ ಬೆಲ್ಟ್ ತಗೊಂಡೆ. ಆಮೇಲೆ ಬ್ರೆಜಿಲಿಯನ್ ಜುಜುತ್ಸು ಕ್ಲಾಸಿಗೆ ಹೋದೆ. ಮೊದಲ ದಿನ ಐವತ್ತೈದು ಕೆಜಿ ಇರುವ ಹುಡುಗಿ ನನ್ನನ್ನು ನಾಲ್ಕು ಸಲ ಕತ್ತು ಹಿಡಿದು ಸೋಲಿಸಿದಳು. ಅಲ್ಲಿ ಪ್ರತಿ ದಿನ ಜೋಡಿ ಹಿಡಿದು ಹೊರಳಾಡುತ್ತೇವೆ, ಸುಳ್ಳು ಹೇಳೋಕೆ ಜಾಗವೇ ಇಲ್ಲ. ಹದಿನಾರು ವರ್ಷ ತುಂಬದೆ ಬ್ಲೂ ಬೆಲ್ಟ್ ಕೂಡ ಕೊಡಲ್ಲ. ಹತ್ತು ವರ್ಷದ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಅನ್ನೋ ಮಾತೇ ಇಲ್ಲ.

ಹಳೇಶೋಟೊಕಾನ್:
ಅದು ಕ್ಲಾಸಿನ ಗುಣ, ಶೈಲಿಯ ಗುಣ ಅಲ್ಲ. ನಮ್ಮಲ್ಲೂ ಕುಮಿತೆ, ಅಂದರೆ ಎದುರಾಳಿ ಜೊತೆ ಸೆಣಸೋದು, ಇದೆ, ಸರಿಯಾಗಿ ಮಾಡಿಸುವವರು ಮಾಡಿಸುತ್ತಾರೆ. ನೀವು ಹೋಗಿದ್ದ ಕ್ಲಾಸಲ್ಲಿ ಮಾಡಿಸಲಿಲ್ಲ ಅನ್ನಿ.

ರೋಲಿಂಗ್‌ರಾಜ:
ಆರು ವರ್ಷದಲ್ಲಿ ಒಂದು ಸಲವೂ ಮಾಡಿಸದೆ ಕಪ್ಪು ಬೆಲ್ಟ್ ಕೊಡೋಕೆ ಆಗುತ್ತೆ ಅನ್ನೋದೇ ನನ್ನ ಸಿಟ್ಟು. ಆ ಆರು ವರ್ಷ ನನಗೆ ವಾಪಸ್ ಯಾರು ಕೊಡ್ತಾರೆ?

ಗರಡಿಪೋರ:
ನಮ್ಮ ತಾತ, ಅಪ್ಪ ಇಬ್ಬರೂ ಮೈಸೂರಿನ ಗರಡಿಯವರು. ನಾನೂ ಹೈಸ್ಕೂಲಿನವರೆಗೆ ಮಣ್ಣಿಗೆ ಇಳಿದಿದ್ದೇನೆ. ಗರಡಿಯಲ್ಲಿ ಬೆಲ್ಟೂ ಇಲ್ಲ, ಪರೀಕ್ಷೆಯೂ ಇಲ್ಲ. ಉಸ್ತಾದರು ನಿನ್ನನ್ನು ಯಾರ ಜೊತೆ ಬಿಡುತ್ತಾರೆ ಅನ್ನೋದೇ ನಿನ್ನ ದರ್ಜೆ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಇರುತ್ತೆ. ತೂಕ, ವಯಸ್ಸು, ಹಿಂದೆ ಎಲ್ಲೆಲ್ಲಿ ಆಡಿದ್ದಾನೆ ಎಲ್ಲ ನೋಡಿ ಹಿರಿಯರು ಇಬ್ಬರನ್ನು ಎದುರು ಬದುರು ನಿಲ್ಲಿಸಿ ಕೈ ಮಿಲಾಯಿಸುತ್ತಾರೆ. ಜೋಡಿ ಸರಿ ಹೋಗಲಿಲ್ಲ ಅಂದರೆ ಅಲ್ಲೇ ಕೂಗಾಟ. ತನ್ನ ಹುಡುಗನ ಬಗ್ಗೆ ಸುಳ್ಳು ಹೇಳಿದ ಉಸ್ತಾದರ ಮರ್ಯಾದೆ ದೊಡ್ಡಕೆರೆ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಎರಡೇ ನಿಮಿಷದಲ್ಲಿ ಹೋಗುತ್ತೆ. ಆ ಹೆದರಿಕೆಯೇ ಪಾಠವನ್ನು ಸರಿಯಾಗಿ ಇಟ್ಟಿತ್ತು ಅಂತ ನನಗನ್ನಿಸುತ್ತೆ.

ಆದರೆ ಗರಡಿಯಲ್ಲೂ ಎಲ್ಲ ಒಂದೇ ತರಹ ಇರಲಿಲ್ಲ. ಕೆಲವು ಉಸ್ತಾದರು ತಮ್ಮ ಮನೆ ಹುಡುಗರಿಗೆ ಮಾತ್ರ ಒಳ್ಳೆ ಪಟ್ಟು ಬಿಟ್ಟುಕೊಡುತ್ತಿದ್ದರು. ಉಳಿದವರು ದಂಡ, ಬಸ್ಕಿ ಹೊಡೆದು ಮಣ್ಣು ಅಗೆದು ಮನೆಗೆ ಹೋಗಬೇಕು. ನನ್ನ ಅಕ್ಕನಿಗೆ ನನಗಿಂತ ಜಾಸ್ತಿ ಶಕ್ತಿ ಇತ್ತು, ಅವಳನ್ನು ಬಾಗಿಲ ಒಳಗೂ ಬಿಡಲಿಲ್ಲ. ಈಗ ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿ ನೋಡುವಾಗೆಲ್ಲ ನನಗೆ ಅವಳದ್ದೇ ನೆನಪು.

ಬಾದಾಮಿಹಾಲು:
@ಗರಡಿಪೋರ ಅಣ್ಣ, ಆಗೆಲ್ಲ ಪೈಲ್ವಾನರಿಗೆ ಬೆಳಿಗ್ಗೆ ಏನು ಕೊಡುತ್ತಿದ್ದರು? ನನ್ನ ಮಗ ಕುಸ್ತಿ ಶುರು ಮಾಡಿದ್ದಾನೆ, ಪ್ರೋಟೀನ್ ಪುಡಿ ಬೇಕು ಅಂತ ಹಠ.

ಗರಡಿಪೋರ:
ನಮ್ಮ ಮನೆಯಲ್ಲಿ ರಾತ್ರಿ ನೆನೆಸಿದ ಬಾದಾಮಿ, ಗಸಗಸೆ ಅರೆದು ಹಾಲಿಗೆ ಹಾಕಿ ಕೊಡುತ್ತಿದ್ದರು. ಮಧ್ಯಾಹ್ನ ಮುದ್ದೆ, ಕಾಳು ಸಾರು, ತುಪ್ಪ. ಭಾನುವಾರ ಮಟನ್. ವಯಸ್ಸು ಎಷ್ಟು ಮಗನಿಗೆ? ಹದಿನಾಲ್ಕರ ಒಳಗಿದ್ದರೆ ಪುಡಿ ಯಾತಕ್ಕೆ, ಮೊಟ್ಟೆ ಹಾಲು ಸಾಕು.

ಮುದ್ದೆಪ್ರಿಯ:
ಮುದ್ದೆಗೆ ಬಸ್ಸಾರು. ಕಾಳು ಸಾರು ಅಲ್ಲ.

ತುಂಗಾತೀರ:
ದಯವಿಟ್ಟು ಊಟದ ವಿಷಯ ಇನ್ನೊಂದು ಕಡೆ ಮಾತಾಡಿ. ನನಗೆ ಶನಿವಾರದೊಳಗೆ ತೀರ್ಮಾನ ಮಾಡಬೇಕು.

ಚಿತ್ರದುರ್ಗಪಿಇ:
ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಬರುತ್ತೆ. ಹಾಸ್ಟೆಲ್ ಮಕ್ಕಳಿಗೆ ಓಬವ್ವನ ಹೆಸರಲ್ಲಿ ಬಂದಿತ್ತು. ಒಂದೇ ಶಾಲೆ, ಒಂದೇ ಮೈದಾನ, ಅದೇ ಮೂರು ತಿಂಗಳು. ಆದರೂ ಎರಡು ವರ್ಷ ಬಂದ ಇಬ್ಬರು ತರಬೇತುದಾರರಿಗೆ ಭೂಮಿ ಆಕಾಶದಷ್ಟು ವ್ಯತ್ಯಾಸ.

ಮೊದಲನೆಯವರು ಮೂರು ತಿಂಗಳೂ ಗಾಳಿಗೆ ಪಂಚ್ ಹೊಡೆಸಿದರು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಕೊನೆಯ ದಿನ ಹೆಂಚು ಒಡೆಸಿದರು. ಮಕ್ಕಳಿಗೆ ಖುಷಿಯಾಯಿತು, ಅದು ನಿಜ. ಎರಡನೇ ವರ್ಷ ಬಂದ ಹೆಣ್ಣುಮಗಳು ಮೊದಲ ವಾರ ಪೂರ್ತಿ ಮಕ್ಕಳಿಗೆ ಕೂಗೋದನ್ನು ಕಲಿಸಿದರು. ಬರೀ ಕೂಗೋದು. ನಮ್ಮ ಹುಡುಗಿಯರಿಗೆ ಬಾಯಿ ಬಿಟ್ಟು ಜೋರಾಗಿ ಬೇಡ ಅನ್ನೋಕೆ ಎಷ್ಟು ನಾಚಿಕೆ ಅಂತ ನನಗೆ ಅವತ್ತು ಗೊತ್ತಾಯಿತು. ಒಬ್ಬಳಂತೂ ಮೂರು ದಿನ ಬಾಯಿ ತೆರೆಯಲಿಲ್ಲ. ನಾಲ್ಕನೇ ದಿನ ಅವಳ ಕೂಗಿಗೆ ಅಡುಗೆಮನೆಯಿಂದ ಬಿಸಿಯೂಟದ ಅಕ್ಕಂದಿರು ಓಡಿ ಬಂದರು.

ಆಮೇಲೆ ಮಣಿಕಟ್ಟು ಬಿಡಿಸಿಕೊಳ್ಳೋದು. ಹಿಡಿದವನ ಹೆಬ್ಬೆರಳು ಯಾವ ಕಡೆ ಇದೆಯೋ ಆ ಕಡೆಗೆ ತಿರುಗಿಸಿ ಎಳೆ. ನಾಲ್ಕು ಬೆರಳಿನ ಕಡೆ ಎಳೆದರೆ ಬರಲ್ಲ. ಇದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಪ್ರತಿ ಹುಡುಗಿಯ ಕೈಯನ್ನೂ ತಾವೇ ಗಟ್ಟಿಯಾಗಿ ಹಿಡಿದು, ಬಿಡಿಸಿಕೊಳ್ಳುವವರೆಗೂ ಬಿಡಲಿಲ್ಲ. ಅರವತ್ತು ಮಕ್ಕಳು. ಸಂಜೆ ಅವರ ಮುಂಗೈ ಪೂರ್ತಿ ಕೆಂಪಗಾಗಿತ್ತು.

ಅದಕ್ಕೇ ಹೇಳೋದು, ಎಷ್ಟು ಕಲಿಸಿದರು ಅಂತ ಲೆಕ್ಕ ಹಾಕಬೇಡಿ. ಒಬ್ಬೊಬ್ಬರ ಹತ್ತಿರ ಬಂದರಾ ಅಂತ ನೋಡಿ.

ಮೂರನೇಮಹಡಿ:
ಇದು ಒಪ್ಪಿದೆ.

ಸಂಜೆಕ್ಲಾಸ್:
ನಾನು ಕಲಿಸುವವನು. ಇಲ್ಲಿ ಎಲ್ಲರೂ ಮಾಸ್ಟರುಗಳನ್ನು ಬೈಯುತ್ತಿದ್ದೀರಿ, ನಮ್ಮ ಕಡೆಯದೂ ಕೇಳಿ.

ಕಲ್ಯಾಣಮಂಟಪದ ಮೇಲಿನ ಹಾಲ್ ಬಾಡಿಗೆಗೆ ತಗೊಂಡಿದ್ದೇನೆ. ಮದುವೆ ಸೀಸನ್ ಬಂದರೆ ಕ್ಲಾಸ್ ರದ್ದು, ಬಾಡಿಗೆ ಮಾತ್ರ ರದ್ದಾಗಲ್ಲ. ಜೂನ್‌ನಲ್ಲಿ ನಲವತ್ತು ಮಕ್ಕಳು ಸೇರುತ್ತಾರೆ, ದೀಪಾವಳಿಗೆ ಹದಿನೈದು ಉಳಿದಿರುತ್ತಾರೆ. ಸೇರುವ ದಿನವೇ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ, ಬೆಲ್ಟ್ ಯಾವಾಗ ಕೊಡ್ತೀರಾ. ಹೋದ ವರ್ಷ ಒಬ್ಬ ಹುಡುಗನನ್ನು ಆರೆಂಜಲ್ಲೇ ನಿಲ್ಲಿಸಿದೆ. ಇನ್ನೊಂದು ಮೂರು ತಿಂಗಳು ಮಾಡಲಿ, ಕಾಲು ಎತ್ತುವಾಗ ಸೊಂಟ ತಿರುಗುತ್ತಿಲ್ಲ ಅಂದೆ. ಮರುವಾರ ಅವನು ಬರಲಿಲ್ಲ. ತಿಂಗಳು ಬಿಟ್ಟು ನೋಡಿದರೆ ಎದುರು ರಸ್ತೆಯ ಕ್ಲಾಸಲ್ಲಿ ಹಸಿರು ಬೆಲ್ಟ್ ಕಟ್ಟಿಕೊಂಡು ನಿಂತಿದ್ದ. ಅವನ ಜೊತೆ ಅವನ ತಮ್ಮ, ಪಕ್ಕದ ಮನೆಯ ಇಬ್ಬರು, ಒಟ್ಟು ನಾಲ್ಕು ಜನ ಹೋದರು. ಫೇಲ್ ಮಾಡುವ ಮಾಸ್ಟರ್ ಬೇಕು ಅಂತ ಇಲ್ಲಿ ಎಲ್ಲರೂ ಬರೆಯುತ್ತೀರಿ. ನಿಮ್ಮ ಮಗುವನ್ನು ಫೇಲ್ ಮಾಡಿದರೆ ಉಳಿಯುತ್ತೀರಾ?

ಪರೀಕ್ಷೆ ಫೀಸಿನಲ್ಲೂ ಎಲ್ಲ ನನಗೆ ಬರಲ್ಲ. ಮೇಲಿನ ಸಂಘಕ್ಕೆ ಒಂದು ಪಾಲು, ಸರ್ಟಿಫಿಕೇಟ್‌ಗೆ ಒಂದು ಪಾಲು.

ತುಂಗಾತೀರ:
@ಸಂಜೆಕ್ಲಾಸ್ ಸರ್, ಈ ಮಾತು ನನಗೆ ತಟ್ಟಿತು. ಬೆಲ್ಟ್ ಯಾವಾಗ ಅಂತ ನಾನೂ ಕೇಳಿದ್ದೆ. ಒಂದು ಸಲ ಅಲ್ಲ.

ಹುಬ್ಬಳ್ಳಿಮಂದಿ:
ಫೀಸು ಬಿಡ್ರಿ, ಮೈಗೆ ಆಗುವ ಏಟಿನ ಬಗ್ಗೆ ಮಾತಾಡ್ರಿ. ನನಗೆ ಹನ್ನೆರಡು ವರ್ಷ ಇದ್ದಾಗ ಕಾಲು ಪೂರ್ತಿ ಅಗಲ ಮಾಡಿ ಕೂರಬೇಕು ಅಂತ ಮಾಸ್ಟರ್ ಹಿಂದಿನಿಂದ ಹೆಗಲ ಮೇಲೆ ಕೈ ಇಟ್ಟು ಒತ್ತಿದರು. ಇಬ್ಬರು ಸೀನಿಯರ್‌ಗಳು ಪಾದ ಹಿಡಿದು ಎಳೆದರು. ತೊಡೆಯ ಸಂದಿಯಲ್ಲಿ ಪಟ್ ಅಂದಿದ್ದು ನನಗೇ ಕೇಳಿಸಿತು. ಆರು ತಿಂಗಳು ಮೆಟ್ಟಿಲು ಹತ್ತೋಕೆ ಗೋಡೆ ಹಿಡಿಯಬೇಕಿತ್ತು. ಮನೆಗೆ ಬಂದು ಒಂದು ಮಾತು ಕೇಳಲಿಲ್ಲ. ನೋವಾದರೆ ತಾನೇ ಕಲಿಯೋದು ಅಂತ ಉಳಿದ ಮಕ್ಕಳಿಗೆ ಹೇಳಿದರಂತೆ. ಆ ಕಡೆ ಕಾಲು ಈಗಲೂ ಚಳಿಗಾಲದಲ್ಲಿ ಬಿಗಿಯುತ್ತದೆ.

ವಾರ್ಷಿಕೋತ್ಸವದ ಡೆಮೋಗಳನ್ನೂ ನೋಡ್ರಿ. ಎದೆ ಮೇಲೆ ಟ್ಯೂಬ್‌ಲೈಟ್ ಒಡೆಯೋದು, ಹೊಟ್ಟೆ ಮೇಲೆ ಬೈಕ್ ಹತ್ತಿಸೋದು, ಹತ್ತು ವರ್ಷದ ಮಕ್ಕಳ ಕೈಯಲ್ಲಿ ಹೆಂಚು ಒಡೆಸೋದು. ಆ ವಯಸ್ಸಲ್ಲಿ ಬೆರಳಿನ ಮೂಳೆ ಇನ್ನೂ ಬೆಳೆಯುತ್ತಾ ಇರುತ್ತೆ. ಟ್ಯೂಬ್‌ಲೈಟ್ ಒಳಗೆ ಪಾದರಸ ಇರುತ್ತೆ. ಚಪ್ಪಾಳೆ ಹೊಡೆಯುವವರಿಗೆ ಇದು ಗೊತ್ತಿಲ್ಲ, ಕಲಿಸುವವರಿಗಾದರೂ ಗೊತ್ತಿರಬೇಕಲ್ಲ.

ಕುಂದಾನಗರಿ:
@ಹುಬ್ಬಳ್ಳಿಮಂದಿ ಓದಿ ಸಂಕಟ ಆಯಿತು. ನಾನು ಬೆಳಗಾವಿಯಲ್ಲಿ ಜೂಡೋ ಕಲಿತವಳು. ನಮ್ಮ ಕೋಚ್ ಮೊದಲ ಒಂದೂವರೆ ತಿಂಗಳು ಒಂದೂ ಪಟ್ಟು ಕಲಿಸಲಿಲ್ಲ. ಬೀಳೋದು ಮಾತ್ರ. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಗದ್ದ ಎದೆಗೆ ಒತ್ತಿಕೋ, ಅಂಗೈಯಿಂದ ಮ್ಯಾಟ್ ಬಡಿ. ಉಕೆಮಿ ಅಂತಾರೆ. ಬೇಜಾರಾಗಿ ಅರ್ಧ ಜನ ಬಿಟ್ಟು ಹೋದರು. ಹೋದ ವರ್ಷ ಮಳೆಯಲ್ಲಿ ಸ್ಕೂಟರ್ ಜಾರಿತು. ನಾನು ಏನೂ ಯೋಚಿಸಲಿಲ್ಲ, ಗದ್ದ ತಾನಾಗಿ ಎದೆಗೆ ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಮೈ ನೆನಪಿಟ್ಟುಕೊಂಡಿದೆ ಅಂದರೆ ಆ ಒಂದೂವರೆ ತಿಂಗಳ ಬೆಲೆ ಎಷ್ಟು ಅಂತ ನೀವೇ ಹೇಳಿ.

ಮೂರನೇಮಹಡಿ:
ಬೆಲ್ಟ್ ಬೇಗ ಕೊಟ್ಟರೆ ತಪ್ಪು ಅಂತ ಎಲ್ಲರೂ ಹೇಳ್ತಿದ್ದೀರಿ. ಫುನಾಕೋಶಿ ಟೋಕಿಯೋಗೆ ಬಂದು ತೋರಿಸಿದ್ದು 1922ರಲ್ಲಿ. ಕರಾಟೆಯಲ್ಲಿ ಮೊದಲ ಕಪ್ಪು ಬೆಲ್ಟ್ ಕೊಟ್ಟಿದ್ದು 1924ರಲ್ಲಿ. ಎರಡೇ ವರ್ಷ. ಅದಕ್ಕೇನಂತೀರಿ?

ಹಳೇಶೋಟೊಕಾನ್:
ಒಳ್ಳೆ ಪ್ರಶ್ನೆ. ಆದರೆ ಅವರು ಯಾರು ಅಂತ ನೋಡಿ. ಬೆಳೆದ ಗಂಡಸರು. ಗಿಮಾ ಅನ್ನುವವರು ಒಕಿನಾವಾದಲ್ಲೇ ಮೊದಲೇ ಕಲಿತಿದ್ದರು. ಓತ್ಸುಕಾ ಹಿರೊನೋರಿ ಅದಕ್ಕೂ ಮುಂಚೆ ವರ್ಷಗಟ್ಟಲೆ ಜುಜುತ್ಸು ಮಾಡಿದ್ದರು, ಮುಂದೆ ವಾಡೋರ್ಯು ಕಟ್ಟಿದ್ದು ಅವರೇ. ವಾರಕ್ಕೆ ಎರಡು ಗಂಟೆ ಬರುವ ಒಂಬತ್ತು ವರ್ಷದ ಮಗುವಿಗೆ ಅದನ್ನು ಹೋಲಿಸೋಕೆ ಆಗಲ್ಲ. ದಾನ್, ಅಂದರೆ ಕಪ್ಪು ಬೆಲ್ಟಿನ ದರ್ಜೆಗಳ ಪದ್ಧತಿಯೂ ಕರಾಟೆಯ ಸ್ವಂತದ್ದಲ್ಲ, ಜೂಡೋ ಕಟ್ಟಿದ ಕಾನೋ ಅವರಿಂದ ಬಂದದ್ದು.

ಮೂರನೇಮಹಡಿ:
ವಯಸ್ಸಿನ ಮಾತು ಒಪ್ಪುತ್ತೇನೆ. ಆದರೂ ತಿಂಗಳ ಲೆಕ್ಕದ ಮೇಲೇ ತೀರ್ಮಾನ ಮಾಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಪೂಮ್ಸೆಅಪ್ಪ:
ಟೇಕ್ವಾಂಡೋ ಕಡೆ ಒಂದು ಅನುಕೂಲ ಇದೆ. ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಸಿಯೋಲ್‌ನಲ್ಲಿರುವ ಟೇಕ್ವಾಂಡೋ ಮುಖ್ಯ ಕೇಂದ್ರ ಕುಕ್ಕಿವಾನ್‌ನಿಂದ ಬರಬೇಕು, ಅದಕ್ಕೆ ನಂಬರ್ ಇರುತ್ತೆ. 15 ವರ್ಷದೊಳಗಿನ ಮಕ್ಕಳಿಗೆ ದಾನ್ ಬದಲು ಪೂಮ್ ಕೊಡುತ್ತಾರೆ. ಒಂದರಿಂದ ಎರಡಕ್ಕೆ ಹೋಗೋಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2 ವರ್ಷ ಕಾಯಬೇಕು. ಇಷ್ಟಿದ್ದರೂ ನಮ್ಮ ಏರಿಯಾದಲ್ಲೇ ಕುಕ್ಕಿವಾನ್ ಕಾಗದ ಇರುವ ಇಬ್ಬರಲ್ಲಿ ಒಬ್ಬರು ಅದ್ಭುತ, ಇನ್ನೊಬ್ಬರು ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಾರೆ.

ಸ್ಪೋರ್ಟ್ಸ್‌ಕೋಟಾ:
ಕರಾಟೆಯಲ್ಲಿ ಕಾಗದದ ಕಥೆ ಇನ್ನೂ ಗೊಂದಲ. 2020ರಲ್ಲಿ ವಿಶ್ವ ಕರಾಟೆ ಫೆಡರೇಶನ್ ಭಾರತದ ಸಂಘದ ಮಾನ್ಯತೆಯನ್ನೇ ತೆಗೆದಿತ್ತು. ಪದಕಗಳನ್ನೂ ನಂಬಬೇಡಿ. ಕರಾಟೆಯಲ್ಲಿ ಎರಡು ಕಂಚು ಕೊಡುವ ಪದ್ಧತಿ ಇದೆ. ಒಂದು ವಿಭಾಗದಲ್ಲಿ ನಾಲ್ಕೇ ಮಕ್ಕಳಿದ್ದರೆ ನಾಲ್ವರಿಗೂ ಪದಕ. ವಯಸ್ಸು, ತೂಕ, ಬೆಲ್ಟ್ ಅಂತ ಚಿಕ್ಕ ಚಿಕ್ಕ ವಿಭಾಗ ಮಾಡಿದರೆ ಇಡೀ ಕ್ಲಾಸಿಗೆ ನ್ಯಾಷನಲ್ ಪದಕ ಬರುತ್ತೆ, ಬ್ಯಾನರ್ ಬೀಳುತ್ತೆ. ನನ್ನ ತಂಗಿ ಹೀಗೆ ಹನ್ನೊಂದು ಪದಕ ತಂದಿದ್ದಳು. ಕಾಲೇಜಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿದಾಗ ಒಂದೂ ಲೆಕ್ಕಕ್ಕೆ ಬರಲಿಲ್ಲ. ಅವಳಿಗೆ ಆದ ಅವಮಾನ ನಾನು ಮರೆಯಲ್ಲ.

ಸ್ಟುಟ್‌ಗಾರ್ಟ್‌ಕನ್ನಡಿಗ:
ನಾನು ಜರ್ಮನಿಯಲ್ಲಿದ್ದೇನೆ. ಮಗ ಊರಿನ ಜೂಡೋ ಕ್ಲಬ್ಬಿಗೆ ಹೋಗುತ್ತಾನೆ. ಇಲ್ಲಿ ಕ್ಲಬ್ಬು ಅಂದರೆ ಊರವರೇ ಸೇರಿ ನಡೆಸುವ ಸಂಘ. ಕಲಿಸುವವರು ಹಗಲು ಬೇರೆ ಕೆಲಸ ಮಾಡಿ ಸಂಜೆ ಬರುವವರು. ಸಿ ಲೈಸೆನ್ಸ್ ಅಂತ ಇದೆ, ಅದಕ್ಕೆ 120 ಪಾಠದಷ್ಟು ತರಬೇತಿ ಪಡೆಯಬೇಕು. ಮಕ್ಕಳ ಜೊತೆ ಕೆಲಸ ಮಾಡುವವರ ಹತ್ತಿರ ಪೊಲೀಸ್ ದಾಖಲೆಯ ಪತ್ರ ಕೇಳುತ್ತಾರೆ. ಕಲಿಸಿ ಹೊಟ್ಟೆ ಹೊರೆಯಬೇಕಾಗಿಲ್ಲ, ಆದ್ದರಿಂದ ಬೆಲ್ಟ್ ಮಾರುವ ಒತ್ತಡ ಇಲ್ಲ. @ಸಂಜೆಕ್ಲಾಸ್ ಹೇಳಿದ ಕಷ್ಟ ಇಲ್ಲಿ ಅಷ್ಟಾಗಿ ಬರಲ್ಲ. ನಮ್ಮ ಭಾರತದಲ್ಲಿ ಯಾರು ಬೇಕಾದರೂ ನಾಳೆ ಬೋರ್ಡ್ ಹಾಕಬಹುದು.

ಸಂಜೆಕ್ಲಾಸ್:
120 ಪಾಠ ಕಡ್ಡಾಯ ಮಾಡಿದರೆ ನಾನು ಮೊದಲ ದಿನವೇ ಹೋಗಿ ಕೂರುತ್ತೇನೆ. ಮಗುವಿನ ಮೊಣಕಾಲು, ಬೆನ್ನಿನ ಬಗ್ಗೆ ನನಗೆ ಯಾರೂ ಕಲಿಸಲಿಲ್ಲ. ಡಕ್ ವಾಕ್, ಕಪ್ಪೆ ಜಿಗಿತ ಎಲ್ಲ ನನ್ನ ಗುರುಗಳು ಮಾಡಿಸಿದಂತೆ ನಾನೂ ವರ್ಷಗಟ್ಟಲೆ ಮಾಡಿಸಿದ್ದೇನೆ. ಒಬ್ಬ ಫಿಸಿಯೋ ಅಮ್ಮ ಹೇಳಿದ ಮೇಲೆ ನಿಲ್ಲಿಸಿದೆ.

ಕಿಟಕಿಪಕ್ಕ:
ಯಾರೂ ಎತ್ತದ ವಿಷಯ. ಅಪ್ಪ ಅಮ್ಮ ಕೂತು ನೋಡೋಕೆ ಬಿಡುತ್ತಾರಾ? ನನ್ನ ಮಟ್ಟಿಗೆ ಇದೇ ಮೊದಲ ಪ್ರಶ್ನೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸೋಕೆ ಬೇರೆ ಕೋಣೆ ಇದೆಯಾ? ನಿಲುವು ತಿದ್ದುವಾಗ ಮೈ ಮುಟ್ಟುವ ಮುಂಚೆ ಹೇಳಿ ಮುಟ್ಟುತ್ತಾರಾ? ಪೋಕ್ಸೋ ಕಾಯ್ದೆ 2012ರಿಂದ ಇದೆ, ಆದರೂ ಎಷ್ಟೋ ಕ್ಲಾಸಲ್ಲಿ ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ.

ಸಂಜೆಕ್ಲಾಸ್:
ಅಮ್ಮಂದಿರು ಕೂತರೆ ಮಕ್ಕಳ ಗಮನ ಅಲ್ಲೇ ಇರುತ್ತೆ. ಕೆಲವರು ಕೂತಲ್ಲಿಂದಲೇ ಕಾಲು ಎತ್ತು ಅಂತ ಕೂಗುತ್ತಾರೆ. ಬಿಡಲ್ಲ ಅಂದ ಮಾತ್ರಕ್ಕೆ ಅನುಮಾನ ಪಡಬೇಡಿ.

ಕಿಟಕಿಪಕ್ಕ:
ಅನುಮಾನ ಪಡುತ್ತೇನೆ. ಬಾಗಿಲು ತೆರೆದಿರಲಿ, ನಾವು ಹೊರಗೆ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇವೆ. ಬಾಗಿಲು ಮುಚ್ಚಿದರೆ ನನ್ನ ಮಗಳು ಒಳಗೆ ಹೋಗಲ್ಲ. ಇದರಲ್ಲಿ ಚೌಕಾಸಿ ಇಲ್ಲ.

ಸಂಜೆಕ್ಲಾಸ್:
ತೆರೆದ ಬಾಗಿಲು ನ್ಯಾಯ. ಒಪ್ಪಿದೆ.

ತುಂಗಾತೀರ:
ಶನಿವಾರ ಹೋಗಿ ಬಂದೆವು. ಇಷ್ಟು ಜನ ಬರೆದಿದ್ದೀರಿ, ಆದ್ದರಿಂದ ಆಗಿದ್ದನ್ನು ಹೇಳುತ್ತೇನೆ.

ಸೇರಿಸುವ ಮುಂಚೆ ಒಂದು ಕ್ಲಾಸ್ ಕೂತು ನೋಡಬಹುದಾ ಅಂತ ಕೇಳಿದೆ. ಬಾಗಿಲು ತೆರೆದೇ ಇತ್ತು. ಹದಿನೆಂಟು ಮಕ್ಕಳು. ಒಬ್ಬ ದಪ್ಪ ಹುಡುಗ ಮುಂದಿನ ಕಾಲು ಬಗ್ಗಿಸಿ ನಿಲ್ಲುವಾಗ ಪ್ರತಿ ಸಲ ಹಿಂದಿನ ಹಿಮ್ಮಡಿ ಮೇಲೆ ಏಳುತ್ತಿತ್ತು. ಮಾಸ್ಟರ್ ಬೈಯಲಿಲ್ಲ. ಮೂಲೆಯಿಂದ ಒಂದು ಹಳೇ ಪೇಪರ್ ತಂದರು, ಮಡಚಿ ಅವನ ಹಿಮ್ಮಡಿ ಕೆಳಗೆ ಇಟ್ಟರು, ನೆಲದ ಮೇಲೆ ಕೂತು ಪೇಪರಿನ ಇನ್ನೊಂದು ತುದಿ ಹಿಡಿದುಕೊಂಡರು. ಪಂಚ್ ಹೊಡಿ, ನಾನು ಎಳೀತೀನಿ, ಬಿಡಬೇಡ ಅಂದರು. ಮೊದಲ ಸಲ ಸರ್ ಅಂತ ಬಂತು. ಎರಡನೇ ಸಲವೂ ಬಂತು. ಹುಡುಗನಿಗೆ ನಗು, ಅವರಿಗೂ ನಗು. ಏಳನೇ ಸಲವೋ ಎಂಟನೇ ಸಲವೋ ಪೇಪರ್ ಹರಿದು ಅರ್ಧ ಅವರ ಕೈಗೆ ಬಂತು, ಅರ್ಧ ಅವನ ಕಾಲಡಿ ಉಳಿಯಿತು. ಅವನು ಆ ಚೂರನ್ನು ಎತ್ತಿ ಪ್ಯಾಂಟಿಗೆ ಸಿಕ್ಕಿಸಿಕೊಂಡ.

ಹಳೇ ಕ್ಲಾಸಲ್ಲಿ ಆ ಇಪ್ಪತ್ತು ತಿಂಗಳಲ್ಲಿ ಯಾರಾದರೂ ನಿನ್ನ ಕಾಲಿನ ಹತ್ತಿರ ಹೀಗೆ ಕೂತಿದ್ದರಾ ಅಂತ ಮಗಳನ್ನು ಕೇಳಿದೆ. ಇಲ್ಲ ಅಂದಳು. ಫೀಸಿನ ವಿಷಯವನ್ನೂ ನೇರವಾಗಿ ಕೇಳಿದೆ. ಮೊದಲ ಆರು ತಿಂಗಳು ಪರೀಕ್ಷೆ ಇಲ್ಲ, ಆದ್ದರಿಂದ ಫೀಸೂ ಇಲ್ಲ, ತಯಾರಾದ ಮೇಲೆ ಒಂದೇ ಸಲಕ್ಕೆ ಅವಳ ಮಟ್ಟ ಯಾವುದೋ ಅದಕ್ಕೆ ಕೂರಿಸುತ್ತೇನೆ ಅಂದರು. ಆರೂ ಪರೀಕ್ಷೆ ಮತ್ತೆ ಬರೆಯಬೇಕಾಗಿಲ್ಲವಂತೆ.

ಸೇರಿಸಿದೆ. ನಿನ್ನೆ ಸಂಜೆ ಅಡುಗೆಮನೆಗೆ ಬಂದರೆ ಮಗಳು ಹಿಮ್ಮಡಿ ಕೆಳಗೆ ಪೇಪರ್ ಇಟ್ಟುಕೊಂಡು ನಿಂತಿದ್ದಳು. ಅಮ್ಮ ಎಳಿ ಅಂದಳು. ಎಳೆದೆ, ಬಂತು. ಮತ್ತೆ ಇಟ್ಟುಕೊಂಡಳು. ಸಾರು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ಬ್ರೌನ್ ಬೆಲ್ಟನ್ನು ಅವಳೇ ಬೀರುವಿನಲ್ಲಿ ಮಡಚಿಟ್ಟಿದ್ದಾಳೆ.

ಹಳೇಶೋಟೊಕಾನ್:
ಆ ಪೇಪರಿನ ಉಪಾಯ ನನಗೂ ಗೊತ್ತಿರಲಿಲ್ಲ. ನಾಳೆಯಿಂದಲೇ ಮಾಡಿಸುತ್ತೇನೆ.

ಮೂರನೇಮಹಡಿ:
ನಾನು ಮೊದಲು ವ್ಯಾಪಾರ ಅಂದಿದ್ದೆ. ಈ ಮಾಸ್ಟರ್ ವಿಷಯದಲ್ಲಿ ಆ ಮಾತು ವಾಪಸ್ ತಗೊಳ್ಳುತ್ತೇನೆ.

ಸಂಜೆಕ್ಲಾಸ್:
ಹದಿನೆಂಟು ಮಕ್ಕಳಿಗೆ ಹಾಗೆ ಕೂರಬಹುದು. ನಲವತ್ತಕ್ಕೆ ನನ್ನಿಂದ ಆಗುತ್ತಿಲ್ಲ. ಬ್ಯಾಚ್ ಎರಡು ಮಾಡೋಕೆ ಹಾಲ್‌ನವರನ್ನು ಕೇಳುತ್ತೇನೆ.

ತುಂಗಾತೀರ:
ಇನ್ನೊಂದು ಸಣ್ಣ ವಿಷಯ. ಮುಂದಿನ ತಿಂಗಳಿಂದ ಕುಮಿತೆ ಶುರು ಮಾಡುತ್ತಾರಂತೆ, ಮೌತ್‌ಗಾರ್ಡ್ ತನ್ನಿ ಅಂದಿದ್ದಾರೆ. ಅವಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿವೆ. ಯಾವುದು ತರಲಿ?

ಕುಂದಾನಗರಿ:
ಬಿಸಿನೀರಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡುವ ತರಹದ್ದು ಬರುತ್ತೆ, ಮಕ್ಕಳ ಸೈಜ್ ಕೇಳಿ. ದುಬಾರಿಯದ್ದು ಬೇಡ. ಹಲ್ಲು ಬದಲಾದ ಹಾಗೆ ಹೊಸದು ತಗೊಳ್ಳಲೇಬೇಕಾಗುತ್ತೆ.